ಎಪ್ಪತ್ತೆಂಟರ ನಿರ್ದೇಶಕನ ಪ್ರೇಮಕಥೆಯನ್ನು ನೋಡುವ ಬಗೆ

ಫಿಲ್ಮ್ ಇನ್‌ಸ್ಟಿಟ್ಯೂಟ್ ಮತ್ತು 1964ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಎರಡೂ ಲಾ ಕಾಲೇಜ್ ರಸ್ತೆಯಲ್ಲಿಯೇ ಇರುವುದರಿಂದ, ಪುಣೆಯ ಕನ್ನಡಿಗರಿಗೆ ಹೊರದೇಶದ ಚಿತ್ರಗಳು ಅಪರೂಪವಲ್ಲ. ಆದರೆ ಗಂಭೀರ ಚಿತ್ರಕ್ಕೆ ಕುಳಿತಾಗ ಇರುವ ಎಚ್ಚರ ಲಘು ಧಾಟಿಯ ಪ್ರೇಮಕಥೆಗೆ ಕುಳಿತಾಗ ಇರುವುದಿಲ್ಲ. ಫ್ರಾನ್ಸಿನ ಎರಿಕ್ ರೋಮೇರ್ 1998ರಲ್ಲಿ, ತಮ್ಮ 78ನೆಯ ವಯಸ್ಸಿನಲ್ಲಿ ತೆರೆಗೆ ತಂದ ‘ಆಟಮ್ ಟೇಲ್’ ಚಿತ್ರಕ್ಕೆ ಆ ಎಚ್ಚರವೇ ಹೆಚ್ಚು ಬೇಕು.

ನೋಡುವ ಮೊದಲು ಕಥೆಯ ಎಳೆಯನ್ನು ತಿಳಿದುಕೊಂಡರೆ ನಷ್ಟವೇನೂ ಇಲ್ಲ. ರೋನ್ ನದಿಯ ಕಣಿವೆಯಲ್ಲಿ ದ್ರಾಕ್ಷಿ ಬೆಳೆದು ವೈನ್ ತಯಾರಿಸುವ ಮಗಾಲಿ ನಡುವಯಸ್ಸಿನ ವಿಧವೆ. ಒಂಟಿತನ ಕಾಡಿದರೂ ಗಂಡು ಹುಡುಕಲು ಆಕೆಯ ಸ್ವಾಭಿಮಾನ ಒಪ್ಪದು. ಆಗ ಪುಸ್ತಕದಂಗಡಿ ನಡೆಸುವ ಗೆಳತಿ ಇಸಬೆಲ್ ಅವಳಿಗೆ ತಿಳಿಸದೆಯೇ ಪತ್ರಿಕೆಯಲ್ಲಿ ಜಾಹೀರಾತು ಕೊಡುತ್ತಾಳೆ. ಮಗಾಲಿಯ ಮಗನ ಪ್ರೇಯಸಿ ರೊಸೀನ್, ತಾನು ಹಿಂದೆ ಪ್ರೀತಿಸಿದ ಅಧ್ಯಾಪಕನನ್ನೇ ಮಗಾಲಿಗೆ ಜೋಡಿಸಲು ಹೊರಡುತ್ತಾಳೆ. ಭಾನುವಾರದ ಪತ್ರಿಕೆಯಲ್ಲಿ ವಧೂವರರ ಅಂಕಣ ಓದಿ ಬೆಳೆದ ನಮಗೆ ಇದರಲ್ಲಿ ಪರಕೀಯವಾದದ್ದು ವೈನ್ ಒಂದೇ ಎನ್ನಬೇಕು.

ಮೊದಲ ಕೆಲಸವೆಂದರೆ, ‘ಏನಾದರೂ ಆಗಲಿ’ ಎಂದು ಕಾಯುವುದನ್ನು ಬಿಡುವುದು. ಕೋಥರೂಡಿನ ನಮ್ಮ ಮನೆಯಲ್ಲಿ ಇದನ್ನು ಹಾಕಿದಾಗ ಧಾರವಾಡದಿಂದ ಬಂದಿದ್ದ ಅತ್ತೆ ಇಪ್ಪತ್ತು ನಿಮಿಷಕ್ಕೇ, “ಇದರಾಗ ಬರೀ ಮಾತ ಅದಾವಲ್ಲೋ” ಎಂದರು. ಅವರ ದೂರು ನಿಜ. ಆದರೆ ರೋಮೇರರಲ್ಲಿ ಘಟನೆ ನಡೆಯುವುದೇ ಮಾತಿನೊಳಗೆ. ಹಿನ್ನೆಲೆ ಸಂಗೀತ ಇಲ್ಲವೆನ್ನುವಷ್ಟು ಕಡಿಮೆಯಿರುವುದರಿಂದ, ಯಾವ ಕ್ಷಣ ಮುಖ್ಯವೆಂಬುದನ್ನು ಪಿಟೀಲು ನಮಗೆ ಹೇಳಿಕೊಡುವುದಿಲ್ಲ; ನಾವೇ ಗುರುತಿಸಬೇಕು. ಸಬ್‌ಟೈಟಲಿನ ಸಾಲನ್ನು ಬೇಗ ಓದಿ ಮುಗಿಸಿ, ಉಳಿದ ಹೊತ್ತನ್ನು ಮಾತನಾಡುವವರಿಗಿಂತ ಕೇಳಿಸಿಕೊಳ್ಳುವವರ ಮುಖಕ್ಕೆ ಕೊಡುವುದು ನಾನು ಕಂಡುಕೊಂಡ ಉಪಾಯ.

ಈ ಉಪಾಯ ಹೆಚ್ಚು ಫಲಿಸುವುದು ಜಾಹೀರಾತಿಗೆ ಉತ್ತರಿಸಿದ ಜೆರಾಲ್ಡ್ ಮತ್ತು ಇಸಬೆಲ್ ಭೇಟಿಯಾಗುವ ದೃಶ್ಯಗಳಲ್ಲಿ. ಗೆಳತಿಗಾಗಿ ಗಂಡು ಪರೀಕ್ಷಿಸಲು ಹೋದ ಇಸಬೆಲ್, ಜಾಹೀರಾತು ತನ್ನದೇ ಎಂಬಂತೆ ನಟಿಸುತ್ತಾಳೆ. ಅವಳ ಗಂಡ ಒಳ್ಳೆಯವನು, ಮಗಳ ಮದುವೆ ಹತ್ತಿರ ಬಂದಿದೆ. ಹಾಗಿದ್ದೂ ಒಂದೇ ಊಟದಲ್ಲಿ ಮುಗಿಯಬಹುದಾದ ಪರೀಕ್ಷೆಯನ್ನು ಆಕೆ ಏಕೆ ಮುಂದುವರಿಸುತ್ತಾಳೆ? ಚಿತ್ರ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ತೂಕಡಿಸುತ್ತಿದ್ದ ಅತ್ತೆ ಇಲ್ಲಿ ನೆಟ್ಟಗೆ ಕುಳಿತು, “ಇಕಿಗೇ ಅವನ ಮ್ಯಾಲೆ ಮನಸಾತೇನ ಮತ್ತ?” ಎಂದು ಕೇಳಿದರು. ಅಲ್ಲಿಂದ ಮುಂದೆ ಅವರಿಗೆ ನನ್ನ ವಿವರಣೆಯ ಅಗತ್ಯ ಬೀಳಲಿಲ್ಲ.

ತೋಟವನ್ನೂ ಗಮನಿಸಿರಿ. ಮಗಾಲಿ ಕಳೆನಾಶಕ ಸಿಂಪಡಿಸದ ಕಾರಣ ಬಳ್ಳಿಗಳ ನಡುವೆ ಹುಲ್ಲು ಬೆಳೆದು ನಿಂತಿದೆ, ತನ್ನ ವೈನ್ ವರ್ಷಗಟ್ಟಲೆ ಇಟ್ಟರೂ ಕೆಡುವುದಿಲ್ಲವೆಂಬ ಹಟವೂ ಆಕೆಗಿದೆ. ನಾಸಿಕ, ಸಾಂಗ್ಲಿಗಳ ಅಚ್ಚುಕಟ್ಟಾದ ಚಪ್ಪರಗಳನ್ನು ಕಂಡ ಕಣ್ಣಿಗೆ ಇದು ಅಶಿಸ್ತೆನಿಸೀತು. ಆದರೆ ಆಕೆಯ ಸ್ವಭಾವದ ಪರಿಚಯ ಆಗುವುದು ಇಲ್ಲಿಯೇ.

ನಟಿಯರ ವಿಷಯ ತಿಳಿದಿದ್ದರೆ ಇನ್ನೊಂದು ಪದರ ಕಾಣುತ್ತದೆ. ಮಗಾಲಿಯಾದ ಬಿಯಾಟ್ರಿಸ್ ರೋಮಾಂ 1970ರಲ್ಲಿ ಬಾಲೆಯಾಗಿಯೂ, ಇಸಬೆಲ್ ಆದ ಮರೀ ರಿವಿಯೇರ್ 1986ರಲ್ಲಿ ತರುಣಿಯಾಗಿಯೂ ಇದೇ ನಿರ್ದೇಶಕರ ಚಿತ್ರಗಳಲ್ಲಿ ನಟಿಸಿದ್ದರು. ತನ್ನ ಕಣ್ಣೆದುರೇ ಪ್ರಾಯ ಕಳೆದ ಹೆಣ್ಣುಗಳನ್ನು ಮುದುಕನೊಬ್ಬ ಹೀಗೆ ಅಕ್ಕರೆಯಿಂದ, ಸುಕ್ಕು ಮರೆಮಾಚದೆ ನೋಡುತ್ತಿದ್ದಾನೆ ಎಂಬ ಅರಿವು ನಗುವಿನ ದೃಶ್ಯಗಳಿಗೂ ಬೇರೆ ಬಣ್ಣ ಕೊಡುತ್ತದೆ. ವೆನಿಸ್ ಉತ್ಸವದಲ್ಲಿ ಚಿತ್ರಕಥೆಗೆ ಪ್ರಶಸ್ತಿ ಬಂದದ್ದು ಸರಿಯೇ, ಆದರೆ ನನಗೆ ಬರವಣಿಗೆಗಿಂತ ಈ ನೋಟವೇ ದೊಡ್ಡದು.

ಸಾಧ್ಯವಾದರೆ ಎರಡನೆಯ ಬಾರಿ ಇಸಬೆಲ್ ಒಬ್ಬಳನ್ನೇ ಹಿಂಬಾಲಿಸಿರಿ. ಕೊನೆಯಲ್ಲಿ ಹೆಸರುಗಳು ಬರತೊಡಗಿದಾಗ ದೀಪ ಹಾಕಬೇಡಿರಿ: ಮದುವೆಯ ಮನೆಯಲ್ಲಿ ಕುಣಿತ ನಡೆದಿದೆ, ಗಂಡನ ತೋಳಿನಲ್ಲಿ ಹೆಜ್ಜೆಹಾಕುತ್ತಿರುವ ಇಸಬೆಲ್ ಅವನ ಭುಜದಾಚೆಗೆ ಎಲ್ಲಿಯೋ ನೋಡುತ್ತಿದ್ದಾಳೆ.