ಮಳೆ ನೋಡಿ ಬಲೆ ಇಳಿಸಿದೆ

ದಾವಣಗೆರೆಯಲ್ಲಿ ಕೂತು ಹವಳದ ದಿಬ್ಬದ ಪಾಠ ಮಾಡುವುದು ಸ್ವಲ್ಪ ಮುಜುಗರದ ಕೆಲಸ. ನಾನು ಹವಳ ನೋಡಿರುವುದೇ ಗಾಜಿನ ಜಾಡಿಯಲ್ಲಿ. ಒಂದು ದಿನ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳು. "ಸಾರ್, ನದಿ ನೀರು ಲಗೂನಿಗೆ ಬಂದ್ರೆ ಪ್ಲಾಂಕ್ಟನ್ ಜಾಸ್ತಿ ಆಗುತ್ತಾ, ಕಮ್ಮಿ ಆಗುತ್ತಾ? ಪುಸ್ತಕದಲ್ಲಿ ಎರಡೂ ಇದೆ." ಲಗೂನ್ ಅಂದರೆ ಹವಳದ ದಿಬ್ಬಕ್ಕೂ ದಡಕ್ಕೂ ನಡುವಿನ ನೀರು, ಪ್ಲಾಂಕ್ಟನ್ ಅಂದರೆ ನೀರಲ್ಲಿ ತೇಲುವ ಸಣ್ಣ ಸಣ್ಣ ಜೀವಿಗಳು. ನನಗೂ ಸರಿಯಾಗಿ ಹೇಳಲು ಬರಲಿಲ್ಲ. ಸಮುದ್ರ ಇಲ್ಲದಿದ್ದರೇನು, ಚನ್ನಗಿರಿ ಕಡೆ ನಮ್ಮೂರಲ್ಲಿ ಹಳ್ಳ ಬಂದು ಸೇರುವ ಕೆರೆ ಇದೆಯಲ್ಲ, ಅಲ್ಲೇ ನೋಡೋಣ ಅನಿಸಿತು. ಸೂಳೆಕೆರೆಯಷ್ಟು ದೊಡ್ಡದಲ್ಲ, ಒಬ್ಬನೇ ತೆಪ್ಪದಲ್ಲಿ ಸುತ್ತಬಹುದು.

ಬಲೆಗೆ ಅರವತ್ತು ಮೈಕ್ರಾನ್ ಕಣ್ಣಿನ ಬಟ್ಟೆ ತಂದೆ. ಹಿಟ್ಟು ಸೋಸುವ ಬಟ್ಟೆಯ ಜಾತಿಯದೇ. ಮಂಡಿಪೇಟೆಯ ಟೈಲರ್ ಒಬ್ಬರು ಅದನ್ನು ಕಾಫಿ ಸೋಸುವ ಚೀಲದ ಹಾಗೆ ಹೊಲಿದುಕೊಟ್ಟರು. "ಇದರಲ್ಲಿ ಯಾವ ಮೀನು ಸಾರ್ ಹಿಡಿಯೋದು?" ಅಂತ ನಕ್ಕರು. ಬಾಯಿಗೆ ಹಳೇ ಬಕೆಟ್ಟಿನ ಕಂಠ, ಬುಡಕ್ಕೆ ಒಂದು ಬಾಟಲಿ. 50 ಲೀಟರ್ ನೀರು ಸೋಸಿ 50 ಮಿಲಿಗೆ ಇಳಿಸಿದರೆ ಲೆಕ್ಕ ಸುಲಭ. ಒಂದು ಮಿಲಿಯಲ್ಲಿ ಎಷ್ಟು ಜೀವಿ ಕಂಡವೋ, ಕೆರೆಯ ಒಂದು ಲೀಟರಿನಲ್ಲಿ ಅಷ್ಟು. ಸಸ್ಯ ಪ್ಲಾಂಕ್ಟನ್, ಅಂದರೆ ತೇಲುವ ಸಣ್ಣ ಪಾಚಿ, ಬಹಳಷ್ಟು ಈ ಬಟ್ಟೆಯಲ್ಲೂ ನುಸುಳಿ ಹೋಗುತ್ತವೆ. ಅವಕ್ಕೆ ಸೋಸದ ನೀರನ್ನೇ ತುಂಬಿ, ನಾಲ್ಕು ಹನಿ ಅಯೋಡಿನ್ ದ್ರಾವಣ ಹಾಕಿ, ರಾತ್ರಿಯಿಡೀ ತಳಕ್ಕೆ ಕೂರಲು ಬಿಡುತ್ತಿದ್ದೆ.

ಮೊದಲ ಸಲ, ಜೀವಿಗಳನ್ನು ಕೊಂದು ಕೆಡದಂತೆ ಇಡುವ ಫಾರ್ಮಾಲಿನ್ ಹಾಕುವುದನ್ನೇ ಮರೆತೆ. ಬಸ್ಸಲ್ಲಿ ಬಾಟಲಿ ತೊಡೆ ಮೇಲಿಟ್ಟುಕೊಂಡು ಬಂದೆ. ಸಂಜೆ ಮೈಕ್ರೋಸ್ಕೋಪಿನಡಿ ಇಟ್ಟರೆ ಪಾಚಿ ತಿನ್ನುವ ಪುಟ್ಟ ರೋಟಿಫರ್‌ಗಳು ಬೆರಳೆಣಿಕೆಯಷ್ಟು, ಅವನ್ನು ಹಿಡಿದು ತಿನ್ನುವ ಒಂಟಿ ಕಣ್ಣಿನ ಸೈಕ್ಲಾಪ್ಸ್‌ಗಳು ಮಾತ್ರ ದುಂಡಗೆ ಓಡಾಡಿಕೊಂಡಿದ್ದವು. ದಾರಿಯಲ್ಲೇ ಊಟ ಮುಗಿಸಿದ್ದವು ಅಂತ ನನ್ನ ಗುಮಾನಿ. ಆಮೇಲೆ ದಡದಲ್ಲೇ ಫಾರ್ಮಾಲಿನ್ ಹಾಕಿದೆ. ಅದಕ್ಕೆ ರೋಟಿಫರ್ ಮುದುಡಿ ಉಂಡೆಯಾಗುತ್ತದೆ, ಗುರುತು ಹಿಡಿಯುವುದು ಕಷ್ಟ. ಹಾಗಾಗಿ ಒಂದು ಬಾಟಲಿ ಸತ್ತದ್ದು, ಒಂದು ಜೀವಂತ, ಎರಡೂ ತರುವುದು ರೂಢಿಯಾಯಿತು.

ಇದಕ್ಕಿಂತ ದೊಡ್ಡ ತಪ್ಪು ಬೇರೆ ಇತ್ತು. ಪ್ರತಿ ತಿಂಗಳ ಕೊನೇ ಭಾನುವಾರ ನೀರು ತೆಗೆಯುತ್ತಿದ್ದೆ. ಒಂದು ತಿಂಗಳು ಜಾಸ್ತಿ, ಒಂದು ತಿಂಗಳು ಕಮ್ಮಿ, ತಲೆಬುಡ ಇಲ್ಲ. ರೋಟಿಫರಿನ ಒಂದು ತಲೆಮಾರು ಕೆಲವೇ ದಿನದ್ದು. ತಿಂಗಳಿಗೊಮ್ಮೆ ಇಣುಕಿದರೆ ಏನು ತಿಳಿದೀತು? ಕ್ಯಾಲೆಂಡರ್ ಬಿಟ್ಟು ಮಳೆ ಹಿಡಿದೆ. ಪುಷ್ಯ ಮಳೆ ಜೋರಾಗಿ ಬಿದ್ದ ಮಾರನೇ ದಿನದಿಂದ ದಿನ ಬಿಟ್ಟು ದಿನ ಹೋದೆ.

ಮೇಲಿನ ಹೊಲಗಳಲ್ಲಿ ಆಗಷ್ಟೇ ಮೆಕ್ಕೆಜೋಳಕ್ಕೆ ಯೂರಿಯಾ ಕೊಟ್ಟಿದ್ದರು. ಹಳ್ಳದ ನೀರು ಟೀ ಬಣ್ಣಕ್ಕೆ ಬಂದಿತ್ತು. ಹಳ್ಳದ ಬಾಯಲ್ಲಿ ನೀರು ಎಷ್ಟು ತಿಳಿ ಅಂತ ನೋಡಲು ಕಪ್ಪು ಬಿಳಿ ಬಳಿದ ತಟ್ಟೆ ಇಳಿಸಿದರೆ ಗೇಣುದ್ದಕ್ಕೇ ಮಾಯ. ಗೊಬ್ಬರ ಬಂದಿದೆ, ಆದರೆ ಬೆಳಕಿಲ್ಲ. ಹಸಿರು ಪಾಚಿ ಮೊದಲಿಗಿಂತ ಕಮ್ಮಿ. ಆದರೆ ಅದೇ ದಿನ ದೂರದ ಏರಿ ಪಕ್ಕ ನೀರು ಆಗಲೇ ತಿಳಿಯಾಗುತ್ತಿತ್ತು. ಮೂರ್ನಾಲ್ಕು ದಿನ ಬಿಸಿಲು ಬಿತ್ತು ನೋಡಿ, ಅಲ್ಲಿ ಹಸಿರು ಎದ್ದಿತು. ಅದರ ಹಿಂದೆಯೇ ರೋಟಿಫರ್, ಆಮೇಲೆ ಮೊಯಿನಾ ಅನ್ನುವ ನೀರುಚಿಗಟ, ಕೊನೆಗೆ ಸೈಕ್ಲಾಪ್ಸ್. ಹಳ್ಳದ ಬಾಯಿಗೆ ಇದೇ ಮೆರವಣಿಗೆ ತಡವಾಗಿ ಬಂತು. ಹುಡುಗಿಯ ಪುಸ್ತಕ ಸುಳ್ಳು ಹೇಳಿರಲಿಲ್ಲ. ಎಲ್ಲಿ, ಎಷ್ಟನೇ ದಿನ ಅನ್ನುವುದನ್ನು ಬಿಟ್ಟಿತ್ತು, ಅಷ್ಟೇ.

ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಲಗೂನಿಗೆ ಬರ್ಡೆಕಿನ್ ನದಿಯ ನೆರೆ ನುಗ್ಗಿದಾಗಲೂ ಸುಮಾರು ಇದೇ ಕಥೆ. ಮಣ್ಣಿನ ಬಹುಪಾಲು ನದೀಮುಖದ ಹತ್ತಿರವೇ ಕೂರುತ್ತದೆ. ಕರಗಿದ ಸಾರಜನಕ ಇನ್ನೂ ದೂರ ಹೋಗುತ್ತದೆ, ನೀರು ತಿಳಿಯಾದ ಕಡೆ ಸಸ್ಯ ಪ್ಲಾಂಕ್ಟನ್ ಉಕ್ಕುತ್ತದೆ. ಹವಳ ತಿನ್ನುವ ಮುಳ್ಳು ನಕ್ಷತ್ರ ಮೀನಿನ ಮರಿಗಳಿಗೆ ಅದೇ ಮೇವು. ವ್ಯತ್ಯಾಸವೂ ಇದೆ. ಅಲ್ಲಿ ಸಿಹಿನೀರು ಹಗುರ, ಉಪ್ಪುನೀರಿನ ಮೇಲೆ ಪದರವಾಗಿ ತೇಲುತ್ತದೆ. ದಿನವೂ ಉಬ್ಬರವಿಳಿತ ಬಂದು ನೀರು ಬದಲಿಸುತ್ತದೆ. ನಮ್ಮ ಕೆರೆಗೆ ಆ ಭಾಗ್ಯ ಎಲ್ಲಿ? ತೂಬು ಬಿಟ್ಟರೆ ಕೋಡಿಯೇ ಗತಿ. ಚಿತ್ರದುರ್ಗದ ಮಾರಿಕಣಿವೆ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ಅಷ್ಟು ವರ್ಷ ವೇದಾವತಿ ತಂದ ಗೊಬ್ಬರಕ್ಕೆ ಕೋಡಿಯ ದಾರಿ ಮುಚ್ಚಿಯೇ ಇತ್ತು, ಅಲ್ವಾ?

ನಮ್ಮ ಕೆರೆ ಕೋಡಿ ಬಿದ್ದ ದಿನ ಪ್ಲಾಂಕ್ಟನ್ ಲೆಕ್ಕ ದಿಢೀರ್ ಕುಸಿಯಿತು. "ಸತ್ತಿರಬೇಕು" ಅಂತ ನೋಟ್‌ಬುಕ್ಕಿನಲ್ಲಿ ಬರೆದುಬಿಟ್ಟಿದ್ದೆ. ರಾತ್ರಿ ಮಲಗಿದಾಗ ಹೊಳೆಯಿತು, ಸತ್ತಿರಲಿಕ್ಕಿಲ್ಲ, ಸುಮ್ನೆ ಹರಿದು ಹೋಗಿರಬೇಕು. ಬೆಳಿಗ್ಗೆ ಕೋಡಿ ನೀರಿಗೇ ಬಲೆ ಹಿಡಿದೆ. ರಭಸಕ್ಕೆ ಹೊಲಿಗೆ ಪರ್ರೆಂದು ಬಿಟ್ಟಿತು, ಬಾಟಲಿಯೂ ಹೋಯಿತು. ಮಂಡಿಪೇಟೆಯ ಟೈಲರ್ ಈ ಸಲ ಜೋಡಿ ಹೊಲಿಗೆ ಹಾಕುತ್ತೇನೆ ಅಂದಿದ್ದಾರೆ.