ನಾಲ್ಕು ಚೌಕಗಳಲ್ಲಿ ಒಬ್ಬ ಕೊನೆಗೌಡ

ಊರ ಪತ್ರಿಕೆಗೆ ದಿನಕ್ಕೊಂದು ಸ್ಟ್ರಿಪ್, ಅಂದರೆ ನಾಲ್ಕು ಚೌಕಗಳ ನಗೆಚಿತ್ರ, ಬರೆಯುತ್ತೇನೆಂದು ಶಿರಸಿಯಲ್ಲಿ ಹೇಳಿಕೊಂಡಾಗ ಮೊದಲು ನಕ್ಕವರು ವ್ಯಂಗ್ಯಚಿತ್ರ ಬರೆಯುವ ಗೆಳೆಯರೇ. ರಾಜಕಾರಣಿಯ ಮೂಗಿಲ್ಲದ ಚಿತ್ರವನ್ನು ಯಾರು ನೋಡುತ್ತಾರೆ, ನಗೆಹನಿ ಮೊಬೈಲಿನಲ್ಲಿ ಪುಕ್ಕಟೆ ಸಿಗುವಾಗ ಹಣ ಯಾರು ಕೊಡುತ್ತಾರೆ ಎಂಬುದು ಅವರ ವಾದವಾಗಿತ್ತು. ಈಗ ಅಡಿಕೆ ಮರವೇರಿ ಕೊನೆ ಕೊಯ್ಯುವ ನನ್ನ ಕೊನೆಗೌಡ ಒಂದೇ ದಿನ ಮೂರು ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತಾನೆ.

ಮೊದಲ ವರ್ಷ ಪೂರ್ತಿ ಸೋಲು. ಕೊನೆಗೌಡ ಮೇಲೆ, ತೋಟದ ಯಜಮಾನರು ಬುಡದಲ್ಲಿ. ಆದ್ದರಿಂದ ಒಂದೇ ಮರವನ್ನು ನಾಲ್ಕು ಚೌಕಗಳಲ್ಲಿ ಮೇಲಿನಿಂದ ಕೆಳಕ್ಕೆ ಇಳಿಸಿದ್ದೆ. ದೊಡ್ಡ ಜಾಹೀರಾತು ಬಂದ ದಿನ ಪುಟ ಕಟ್ಟುವವರು ಅವನ್ನು ಅಡ್ಡಕ್ಕೆ ಜೋಡಿಸಿದರು. ಮರ ನಾಲ್ಕು ತುಂಡಾಗಿ, ಮೇಲಿದ್ದವನು ಎಡತುದಿಯಲ್ಲಿ, ಕೆಳಗಿದ್ದವರು ಬಲತುದಿಯಲ್ಲಿ ನಿಂತು ಬೇಲಿಯಾಚೆಯ ನೆರೆಯವರಂತೆ ಮಾತಾಡಿಕೊಂಡರು. ನಾನು ಜಗಳವಾಡಿದೆ, ಎರಡು ತಿಂಗಳ ಸಂಭಾವನೆ, ಸುಮಾರು ಮೂರು ಸಾವಿರ, ಅಲ್ಲಿಗೇ ಮುಳುಗಿತು.

ದಾರಿ ಸಿಕ್ಕಿದ್ದು ಅಮೆರಿಕದ ವ್ಯಂಗ್ಯಚಿತ್ರಕಾರ ಚಾರ್ಲ್ಸ್ ಶುಲ್ಜ್ ಅವರಿಂದ. 1950ರ ಅಕ್ಟೋಬರಿನಲ್ಲಿ ಏಳು ಪತ್ರಿಕೆಗಳಲ್ಲಿ ಶುರುವಾದ ಅವರ 'ಪೀನಟ್ಸ್' ಅನ್ನು ಜಾಗ ಉಳಿಸುವ ಸ್ಟ್ರಿಪ್ ಎಂದೇ ಮಾರಲಾಗಿತ್ತು. ನಾಲ್ಕೂ ಚೌಕಗಳು ಒಂದೇ ಅಳತೆಯವಾದ್ದರಿಂದ ಸಂಪಾದಕರು ಅವನ್ನು ಅಡ್ಡಕ್ಕೆ, ಉದ್ದಕ್ಕೆ, ಇಲ್ಲವೇ ಎರಡರ ಮೇಲೆ ಎರಡರಂತೆ ಹೇಗೆ ಬೇಕಾದರೂ ಇಡಬಹುದಿತ್ತು. ನಾನೂ ಪೂರ್ತಿ ಮರವನ್ನು ಕೈಬಿಟ್ಟೆ. ಪ್ರತಿ ಚೌಕದಲ್ಲಿ ಒಂದು ಮೊಳ ಕಾಂಡ, ಅದನ್ನು ಅಪ್ಪಿದ ಕೊನೆಗೌಡ, ಕೆಳಗಿನಿಂದ ಏರಿ ಬರುವ ಯಜಮಾನರ ಮಾತು, ಇಷ್ಟೇ. ಯಜಮಾನರ ಮುಖವನ್ನು ಈವರೆಗೆ ಯಾರೂ ನೋಡಿಲ್ಲ, ಆದರೂ ಅದು ತಮ್ಮದೇ ಮುಖವೆಂದು ನನ್ನ ಬಳಿ ತಕರಾರು ತೆಗೆದವರು ನಾಲ್ಕೈದು ಮಂದಿ ಇದ್ದಾರೆ. ಎರಡರ ಮೇಲೆ ಎರಡು ಇಟ್ಟಾಗ ಓದುಗನ ಕಣ್ಣು ದಾರಿ ತಪ್ಪದಂತೆ ನಾನು ಎರಡನೆಯ ಚೌಕದಲ್ಲಿ ಇಡುವ ಗುರುತನ್ನು ಮಾತ್ರ ಇಲ್ಲಿ ಬಿಡಿಸಿ ಹೇಳಲಾರೆ.

ದಿನಕ್ಕೊಂದು ಹೊಸ ಹಾಸ್ಯ ಬೇಕೆಂಬ ಭ್ರಮೆಯೂ ಆಗಲೇ ಕಳಚಿತು. 'ಪೀನಟ್ಸ್'ನ ಹುಡುಗ ಚಾರ್ಲಿ ಬ್ರೌನ್ ಒದೆಯಲು ಓಡಿ ಬಂದಾಗಲೆಲ್ಲ ಅವನ ಜೊತೆಯ ಹುಡುಗಿ ಲೂಸಿ ಚೆಂಡನ್ನು ಎಳೆದುಕೊಳ್ಳುವ ಪ್ರಸಂಗವನ್ನು ಶುಲ್ಜ್ ದಶಕಗಟ್ಟಲೆ ಬರೆದರು, ಓದುಗರು ಅದಕ್ಕಾಗಿಯೇ ಕಾದರು. ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಕೊಳೆಮದ್ದು ಹೊಡೆಯುವ ಕಾಲ ಬಂತೆಂದರೆ ನನ್ನ ಯಜಮಾನರೂ "ಇದೊಂದೇ ಮರ ಮಾರಾಯ" ಎನ್ನುತ್ತಾರೆ. ಆ ಒಂದೇ ಮರ ಐದು ಮಳೆಗಾಲ ಕಳೆದರೂ ಮುಗಿದಿಲ್ಲ.

ನಡುವೆ ಹವ್ಯಕ ಮಾತಿನಲ್ಲಿ ಸಂಭಾಷಣೆ ಬರೆದು ನೋಡಿದೆ. ಶಿರಸಿ, ಸಿದ್ದಾಪುರದವರು ಕತ್ತರಿಸಿ ಇಟ್ಟುಕೊಂಡರು, ಕಾರವಾರದ ಕೊಂಕಣಿ ಮನೆಗಳಲ್ಲಿ ಅದು ಸಾಗಲಿಲ್ಲ. ಅಂದಿನಿಂದ ಶನಿವಾರದ ಸ್ಟ್ರಿಪ್‌ಗೆ ಮಾತೇ ಇಲ್ಲ, ಹೆಚ್ಚು ಮೆಚ್ಚುಗೆ ಬರುವುದೂ ಅದಕ್ಕೇ. ಆಷಾಢದಲ್ಲಿ ಇಂಕು ಒಣಗದೆ ಹಾಳೆಗಳನ್ನು ಬಚ್ಚಲೊಲೆಯ ಮೇಲೆ ತೂಗುಹಾಕಿದ ವರ್ಷ, ಸ್ಕ್ಯಾನಿನಲ್ಲಿ ಹೊಗೆಯೆಲ್ಲ ಚುಕ್ಕೆಯಾಗಿ ಮೂಡಿ ಕೊನೆಗೌಡನಿಗೆ ಸಿಡುಬು ಬಂದಂತಾಗಿತ್ತು. ಈಗ ಮೇ ತಿಂಗಳಲ್ಲೇ ನಲವತ್ತರಷ್ಟು ಬರೆದಿಟ್ಟುಕೊಳ್ಳುತ್ತೇನೆ.

ಒಂದಕ್ಕೆ 60 ರೂಪಾಯಿಯಂತೆ ಮೂರು ಪತ್ರಿಕೆಗಳಿಂದ ತಿಂಗಳಿಗೆ ಸುಮಾರು 4,700 ಬರಬೇಕು, ಕೈಗೆ ಬರುವುದು ನಾಲ್ಕು ಸಾವಿರದ ಆಸುಪಾಸು. ಕಾಗದ, ಇಂಕಿಗೆ ಐದಾರು ನೂರು ಹೋಗುತ್ತದೆ. ಕಳೆದ ವರ್ಷ ಬಾಕಿ ಬಾರದ ಸಿಟ್ಟಿಗೆ ಎರಡು ದಿನ ಸ್ಟ್ರಿಪ್ ಕಳುಹಿಸಲಿಲ್ಲ. ಮೂರನೆಯ ಬೆಳಿಗ್ಗೆ ಪೇಟೆಯ ಚಾ ಅಂಗಡಿಯವರು, "ಭಟ್ರೆ, ಕೊನೆಗೌಡ ಮರದಿಂದ ಬಿದ್ನಾ?" ಎಂದು ಗಾಬರಿಯಿಂದ ಕೇಳಿದರು. ಅದೇ ಪ್ರಶ್ನೆ ಪತ್ರಿಕೆಯ ಕಚೇರಿಗೂ ಹೋಗಿತ್ತೆಂದು ಕಾಣುತ್ತದೆ, ಸಂಜೆಯೊಳಗೆ ಬಾಕಿ ಪೂರ್ತಿ ಜಮೆಯಾಯಿತು.