ನಗರದ ಬೆಳಕಿನಲ್ಲೇ 19ನೇ ಕಾಂತಿಮಾನದ ಕ್ಷುದ್ರಗ್ರಹ ಹಿಡಿದ ಬಗೆ: ನನ್ನ ಅನುಭವ

ಎಂಟಿಂಚಿನ ಟೆಲಿಸ್ಕೋಪ್, ದೀಪಗಳ ನಡುವಿನ ತಾರಸಿ, ಇದರಲ್ಲಿ 19ನೇ ಕಾಂತಿಮಾನದ (ಸಂಖ್ಯೆ ಹೆಚ್ಚಿದಷ್ಟೂ ಕಾಯ ಮಂಕು) ಕ್ಷುದ್ರಗ್ರಹವಾ ಅಂತ ನಕ್ಕವರೇ ಜಾಸ್ತಿ. ಈಗ ಕ್ಷುದ್ರಗ್ರಹಗಳ ಅಳತೆಗಳನ್ನೆಲ್ಲ ಸೇರಿಸಿಡುವ ಮೈನರ್ ಪ್ಲಾನೆಟ್ ಸೆಂಟರ್‌ನಿಂದ ನನಗೂ ಮೂರಕ್ಷರದ ವೀಕ್ಷಣಾಲಯ ಕೋಡ್ ಬಂದಿದೆ. ಕಾಯ ಆಕಾಶದಲ್ಲಿ ಎಲ್ಲಿದೆ ಅನ್ನುವ ನನ್ನ ಅಳತೆಗಳ ವ್ಯತ್ಯಾಸ ಹೆಚ್ಚಿನ ಸಲ ಅರ್ಧ ಆರ್ಕ್‌ಸೆಕೆಂಡಿನ (ಒಂದು ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3600ನೇ ಒಂದು ಭಾಗ) ಒಳಗೇ ಇರುತ್ತದೆ. ಇದರ ಎರಡು ಪಟ್ಟು ದೊಡ್ಡ ಕನ್ನಡಿಯ ಟೆಲಿಸ್ಕೋಪ್ ಇಟ್ಟುಕೊಂಡವರ ಅಳತೆ ಇದಕ್ಕಿಂತ ಒರಟಾಗಿರುವುದನ್ನೂ ನೋಡಿದ್ದೇನೆ. ಹೆಸರು ಬೇಡ ಬಿಡಿ.

ಮೊದಲು ಎಲ್ಲರಂತೆ ಎರಡು ಮೂರು ನಿಮಿಷದ ಎಕ್ಸ್‌ಪೋಷರ್ ಕೊಟ್ಟೆ. ಆಕಾಶವೆಲ್ಲ ಬೆಳ್ಳಗಾಯಿತು, ಕ್ಷುದ್ರಗ್ರಹ ಗೆರೆಯಾಗಿ ಕರಗಿಹೋಯಿತು. ಬೆಳಕಿನ ಮಾಲಿನ್ಯ ತಡೆಯುವ ಫಿಲ್ಟರ್ ಕೊಂಡೆ, ದುಡ್ಡು ದಂಡ. ಕ್ಷುದ್ರಗ್ರಹ ಹೊಳೆಯುವುದು ಸೂರ್ಯನ ಬೆಳಕಿನಿಂದ. ಫಿಲ್ಟರ್ ಅದನ್ನೂ ಧಾರಾಳವಾಗಿ ತಿನ್ನುತ್ತದೆ, ಅಲ್ವಾ.

ಗೆಲುವು ಸಿಕ್ಕಿದ್ದು ಪುಟ್ಟ ಎಕ್ಸ್‌ಪೋಷರಿನಲ್ಲಿ. ಆರು ಸೆಕೆಂಡಿನ ಫ್ರೇಮ್‌ಗಳು, ಸುಮಾರು 300. ಅವನ್ನು ಕ್ಷುದ್ರಗ್ರಹದ ವೇಗ ಮತ್ತು ದಿಕ್ಕಿಗೆ ಸರಿಸಿ ಸರಿಸಿ ಪೇರಿಸಬೇಕು. ಒಂದೇ ಫ್ರೇಮಿನಲ್ಲಿ ನನಗೆ ಕಾಣುವುದು 16ರ ತನಕ. 300 ಪೇರಿಸಿದರೆ ಅದರ ವರ್ಗಮೂಲದಷ್ಟು, ಸುಮಾರು 17 ಪಟ್ಟು ಲಾಭ, ಅಂದರೆ ಮೂರು ಕಾಂತಿಮಾನ. ನಕ್ಕವರು ಮರೆತದ್ದು ಒಂದೇ ವಿಷಯ. ನಗರದಲ್ಲಿ ಆಕಾಶದ ಗದ್ದಲವೇ ಎಷ್ಟು ಜಾಸ್ತಿ ಅಂದರೆ, ಕ್ಯಾಮೆರಾದ ರೀಡ್ ನಾಯ್ಸ್ (ಪ್ರತಿ ಫ್ರೇಮ್ ಓದುವಾಗ ಕ್ಯಾಮೆರಾ ತಾನೇ ಸೇರಿಸುವ ಗದ್ದಲ) ಅದರಲ್ಲಿ ಮುಳುಗಿಹೋಗುತ್ತದೆ. ಹಾಗಾಗಿ ತುಂಡು ತುಂಡು ಫ್ರೇಮ್ ತೆಗೆದರೂ ಏನೂ ನಷ್ಟವಿಲ್ಲ. ಕತ್ತಲ ಆಕಾಶದವರಿಗೆ ಈ ಸವಲತ್ತು ಇಷ್ಟು ಸುಲಭಕ್ಕೆ ಸಿಗುವುದಿಲ್ಲ!

ಪೇರಿಸಲು ಟೈಕೋ ಟ್ರ್ಯಾಕರ್ ಅನ್ನುವ ಸಾಫ್ಟ್‌ವೇರ್, ನಕ್ಷತ್ರಗಳ ನಿಖರ ಜಾಗಕ್ಕೆ ಗಾಯಾ ಬಾಹ್ಯಾಕಾಶ ಟೆಲಿಸ್ಕೋಪಿನ ಕ್ಯಾಟಲಾಗ್. ಪೇರಿಸುವ ಮುಂಚೆ ನಕ್ಷತ್ರಗಳನ್ನು ಅಳಿಸಲು ನನ್ನದೇ ಒಂದು ಕ್ರಮ ಇದೆ. ಅರ್ಧ ಗೆಲುವು ಅದರಲ್ಲೇ ಇರುವುದರಿಂದ ಸದ್ಯಕ್ಕೆ ಹೇಳುವುದಿಲ್ಲ.

ದುಡ್ಡಿನ ಮಾತು. ಟೆಲಿಸ್ಕೋಪಿಗಿಂತ ಅದನ್ನು ಹೊತ್ತು ಆಕಾಶದ ಜೊತೆ ತಿರುಗಿಸುವ ಮೌಂಟ್ ಎರಡು ಪಟ್ಟು ತಿಂದಿತು. ಆಮೇಲೆ ಗೊತ್ತಾಯಿತು, ಆರು ಸೆಕೆಂಡಿನ ಫ್ರೇಮಿಗೆ ಅಷ್ಟು ಒಳ್ಳೆಯ ಮೌಂಟೇ ಬೇಡ, ನಕ್ಷತ್ರವೊಂದನ್ನು ನೋಡಿ ದಿಕ್ಕು ತಿದ್ದುತ್ತಾ ಹೋಗುವ ಗೈಡಿಂಗೂ ಬೇಡ. ಅದನ್ನು ಮಾರಿ ಹಳೆಯದೊಂದು ಮೌಂಟ್ ತಂದೆ. ಉಳಿದ ದುಡ್ಡಿಗೆ ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಬಂತು. ವೇಗ ಸರಿಯಾಗಿ ಗೊತ್ತಿಲ್ಲದ ಹೊಸ ಕಾಯಗಳಿಗೆ ನೂರಾರು ವೇಗ, ದಿಕ್ಕುಗಳನ್ನು ಪ್ರಯತ್ನಿಸಬೇಕು. ಹಳೇ ಲ್ಯಾಪ್‌ಟಾಪ್ ಅದಕ್ಕೆ ರಾತ್ರಿಯಿಡೀ ತೆಗೆದುಕೊಳ್ಳುತ್ತಿತ್ತು, ಕಾರ್ಡ್ ಬಂದ ಮೇಲೆ ಕೆಲವು ನಿಮಿಷ ಸಾಕು. ಹಾರ್ಡ್ ಡಿಸ್ಕ್ ಖರ್ಚು ಮಾತ್ರ ಮುಗಿಯುವುದೇ ಇಲ್ಲ.

ತುಂಬ ಕಾಡಿದ್ದು ಗಡಿಯಾರ. ನಿಮಿಷಕ್ಕೆ 60 ಆರ್ಕ್‌ಸೆಕೆಂಡ್ ಓಡುವ ಕಾಯ ಒಂದು ಸೆಕೆಂಡಿಗೆ ಒಂದು ಆರ್ಕ್‌ಸೆಕೆಂಡ್ ಸರಿದಿರುತ್ತದೆ. ಇಂಟರ್‌ನೆಟ್‌ನಿಂದ ಕಂಪ್ಯೂಟರಿನ ಸಮಯ ಸರಿಪಡಿಸಿದರೂ ಫೈಲಿನಲ್ಲಿ ಬರೆದ ಸಮಯ ಹಿಂದೆ ಮುಂದೆ ಆಗುತ್ತಿತ್ತು. ಪರೀಕ್ಷೆಗೆ ಜಿಪಿಎಸ್ ಉಪಗ್ರಹಗಳ ಫೋಟೊ ತೆಗೆದೆ. ಅವು ಸೆಕೆಂಡಿಗೆ ಸುಮಾರು 30 ಆರ್ಕ್‌ಸೆಕೆಂಡ್ ಓಡುತ್ತವೆ, ಎಲ್ಲಿರಬೇಕು ಅನ್ನುವುದು ಮೊದಲೇ ಗೊತ್ತು. ಹತ್ತನೇ ಒಂದು ಸೆಕೆಂಡ್ ತಪ್ಪಿದರೂ ಸಿಕ್ಕಿಬೀಳುತ್ತದೆ. ನನ್ನಲ್ಲಿ ಅರ್ಧ ಸೆಕೆಂಡಿನಷ್ಟು ಏರುಪೇರು ಇತ್ತು. ಕೊನೆಗೆ ಯುಎಸ್‌ಬಿ ಹಬ್ ಕಿತ್ತು ಕ್ಯಾಮೆರಾವನ್ನು ನೇರವಾಗಿ ಜೋಡಿಸಿದ ಮೇಲೆ ಸರಿಹೋಯಿತು.

ಇಷ್ಟು ಹಟ ಯಾಕೆ ಅಂದರೆ, 2023ರ ಫೆಬ್ರುವರಿಯಲ್ಲಿ 2023 ಸಿಎಕ್ಸ್1 ಅನ್ನುವ ಸುಮಾರು ಒಂದು ಮೀಟರಿನ ಕಲ್ಲು ಸಿಕ್ಕಿದ್ದು ಭೂಮಿಗೆ ಬಡಿಯುವ ಏಳು ಗಂಟೆ ಮುಂಚೆ. ಫ್ರಾನ್ಸಿನ ಉತ್ತರದಲ್ಲಿ ಬೀಳುತ್ತದೆ ಅಂತ ಮೊದಲೇ ಹೇಳಲು ಆದದ್ದು ಆ ಗಂಟೆಗಳಲ್ಲಿ ಬೇರೆ ಬೇರೆ ಕಡೆಯಿಂದ ಅಳತೆ ಕಳಿಸಿದವರಿಂದ.

ಸುಮ್ನೆ ಮಾಡಿ ನೋಡಿದ್ದು: 685 ನ್ಯಾನೊಮೀಟರಿನ ಇನ್‌ಫ್ರಾರೆಡ್ ಫಿಲ್ಟರ್. ಆಕಾಶ ಕಪ್ಪಾಯಿತು, ಕಾಯವೂ ಮಂಕಾಯಿತು, ಲಾಭ ಸೊನ್ನೆ. ಬೆಳದಿಂಗಳಿನಲ್ಲಿ ಮಾತ್ರ ಸ್ವಲ್ಪ ಉಪಯೋಗ. ಧೂಮಕೇತುಗಳಿಗೂ ಇದೇ ವಿಧಾನ ನಡೆಯುತ್ತದೆ, ಆದರೆ ಅಳೆಯುವಾಗ ಕಾಯದ ಸುತ್ತ ಹಾಕುವ ವೃತ್ತ ಚಿಕ್ಕದಿರಲಿ. ಇಲ್ಲದಿದ್ದರೆ ಬಾಲದ ಬೆಳಕು ಕೇಂದ್ರವನ್ನು ತನ್ನ ಕಡೆ ಎಳೆಯುತ್ತದೆ.

ಕಾಯದ ವೇಗ ನಿಮಿಷಕ್ಕೆ 100 ಆರ್ಕ್‌ಸೆಕೆಂಡ್ ದಾಟಿದರೆ ಒಂದೆರಡು ಸೆಕೆಂಡಿನ ಫ್ರೇಮ್ ಬೇಕು. ಆಗ ರೀಡ್ ನಾಯ್ಸ್ ಮತ್ತೆ ತಲೆ ಎತ್ತುತ್ತದೆ, ನನ್ನ ಮಿತಿ 18ಕ್ಕೆ ಇಳಿಯುತ್ತದೆ. ಮೌಂಟನ್ನೇ ಕ್ಷುದ್ರಗ್ರಹದ ವೇಗಕ್ಕೆ ಓಡಿಸಿ ನೋಡುತ್ತಿದ್ದೇನೆ. ಅದರಲ್ಲಿ ನಕ್ಷತ್ರಗಳು ಗೆರೆಯಾಗುತ್ತವೆ, ಗೆರೆಯ ನಡುಬಿಂದು ಸರಿಯಾಗಿ ಹಿಡಿಯುವುದು ಇನ್ನೂ ಕೈಗೆ ಬಂದಿಲ್ಲ.